ಭರತನ ಉಪಮೆಯ ಔಚಿತ್ಯವಿಚಾರ

ಹುನಗುಂದ, ಇಳಕಲ್ಲ, ಬಾಗಲಕೋಟೆಗಳ ಸಭೆಗಳಲ್ಲಿ ದಿವಂಗತ ಎಸ್. ಆರ್. ಕಂಠಿಯವರ ಹೆಸರು ಬಂದಾಗ ಅದರ ಬೆನ್ನಿಗೆ ಭರತನ ಹೆಸರೂ ಬರುವುದುಂಟು. ಅಣ್ಣನ ಪಾದುಕೆಗಳನ್ನು ಮುಂದಿಟ್ಟುಕೊಂಡು ರಾಜ್ಯವನ್ನು ಕಾಯ್ದು, ಅಣ್ಣನು ತಿರುಗಿ ಬಂದೊಡನೆ ಅದನ್ನು ಅವನಿಗೊಪ್ಪಿಸಿದ ಭರತನಂತೆ, ಕಂಠಿಯವರು 1962ನೆಯ ಇಸವಿಯಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಪದವನ್ನು ಎಸ್. ನಿಜಲಿಂಗಪ್ಪನವರಿಗೆ ಬಿಟ್ಟುಕೊಟ್ಟರೆಂಬುದು ಈ ಉಪಮೆಯ ತಾತ್ಪರ್ಯ. ಮಾತು ಕೇಳಲು ಹಿತವಾಗಿದೆ. ಉಪನ್ಯಾಸಕರ ಬಾಯಿಂದ ಪತ್ರಿಕೆಗಳಿಗೂ, ಪತ್ರಿಕೆಗಳಿಂದ ಶಾಲಾ ಬಾಲಕರ ಭಾಷಣಗಳಿಗೂ ಇಳಿದು ಬಂದು ಈಗ ಅದು ರೂಢಿಯೇ ಆಗಿದೆ. ರೂಢಿಗೆ ಬಿದ್ದ ಉಪಮೆಯನ್ನು ತಿರುವಿ ನೋಡುವವರು ವಿರಳ. ಆದರೆ ಸತ್ಪುರುಷನನ್ನು ಹೊಗಳುವುದಕ್ಕೆ ಒಂದು ಸಮಾಜವು ಯಾವ ಅಳತೆಗೋಲನ್ನು ಹಿಡಿಯುತ್ತದೆಯೋ ಅದರಿಂದ ಆ ಸಮಾಜದ ತಿಳಿವಳಿಕೆಯ ಅಳತೆಯೂ ಆಗಿಬಿಡುತ್ತದೆ. ಆದಕಾರಣ ಈ ಉಪಮೆಯ ಔಚಿತ್ಯವನ್ನು ಅಲಂಕಾರಶಾಸ್ತ್ರದ ಕ್ರಮದಿಂದ ವಿಚಾರಿಸುವುದು ಅಪ್ರಸ್ತುತವಾಗಲಾರದು.

ಮೊದಲು ನಡೆದ ಸಂಗತಿ. 1956ರ ನವೆಂಬರ್ 1ರಂದು ಕನ್ನಡ ಸೀಮೆಗಳು ಒಂದುಗೂಡಿದಾಗ ವಿಶಾಲ ಮೈಸೂರು ರಾಜ್ಯದ ಮೊದಲನೆಯ ಮುಖ್ಯಮಂತ್ರಿಗಳಾದವರು ನಿಜಲಿಂಗಪ್ಪನವರು. ಎರಡು ವರುಷ ತುಂಬುವುದರೊಳಗೆ ಸ್ವಪಕ್ಷದ ಭಿನ್ನಮತದಿಂದಾಗಿ ಅವರು ಪದತ್ಯಾಗ ಮಾಡಬೇಕಾಯಿತು. 1958ರ ಮೇ ತಿಂಗಳಲ್ಲಿ ಜಮಖಂಡಿ ತಾಲೂಕಿನ ಸಾವಳಗಿಯವರಾದ ಬಿ. ಡಿ. ಜತ್ತಿಯವರು ಆ ಪದಕ್ಕೆ ಬಂದರು. ಇಬ್ಬರೂ ಕಾಂಗ್ರೆಸ್ಸಿನವರೇ. ಆದರೂ ಒಂದೇ ಮನೆಯೊಳಗೆ ಎರಡು ಒಲೆಗಳು ಹೊತ್ತಿದಂತೆ ಆ ಪಕ್ಷದೊಳಗೆ ಎರಡು ಬಣಗಳಾದವು. 1962ರ ಚುನಾವಣೆಯಲ್ಲಿ ಪಕ್ಷಕ್ಕೆ ಬಹುಮತ ಬಂದಿತು. ಆದರೆ ಹೊಸದುರ್ಗದಲ್ಲಿ ನಿಂತಿದ್ದ ನಿಜಲಿಂಗಪ್ಪನವರು ಪ್ರಜಾ ಸೋಷಲಿಸ್ಟ್ ಪಕ್ಷದ ಜಿ. ಟಿ. ರಂಗಪ್ಪನವರೆದುರು ಸೋತರು. ಸೈನ್ಯ ಗೆದ್ದು ಸೇನಾಪತಿ ಸೋತಂತಾಯಿತು. ಆಗ ಅವರ ಬಣದ ಬೆಂಬಲದಿಂದ ಹುನಗುಂದದ ಪ್ರತಿನಿಧಿಗಳಾದ ಕಂಠಿಯವರು ಮಾರ್ಚ್ 14ರಂದು ಮುಖ್ಯಮಂತ್ರಿಗಳಾದರು. ಬಾಗಲಕೋಟೆಯಿಂದ ಗೆದ್ದಿದ್ದ ಬಿ. ಟಿ. ಮುರನಾಳ ಅವರು ತಮ್ಮ ಸ್ಥಾನವನ್ನು ತೆರವು ಮಾಡಿದರು. ಆ ಸ್ಥಾನಕ್ಕೆ ನಡೆದ ಉಪಚುನಾವಣೆಯಲ್ಲಿ ನಿಜಲಿಂಗಪ್ಪನವರು ಅವಿರೋಧವಾಗಿ ಆಯ್ಕೆ ಹೊಂದಿದರು. ಜೂನ್ 20ಕ್ಕೆ ಕಂಠಿಯವರ ಅಧಿಕಾರ ಮುಗಿಯಿತು. ಮರುದಿನ ನಿಜಲಿಂಗಪ್ಪನವರು ಎರಡನೆಯ ಸಲ ಮುಖ್ಯಮಂತ್ರಿಗಳಾದರು. ಮಧ್ಯದ ಅವಧಿ ನೂರು ದಿವಸಗಳಿಗೆ ತುಸು ಕಡಿಮೆ.

ಇಷ್ಟು ಸಂಗತಿಯ ಮೇಲೆ ಭರತನ ಉಪಮೆಯನ್ನು ಹೊದಿಸಲಾಗಿದೆ. ಉಪಮಾನ, ಉಪಮೇಯ, ಸಾಧಾರಣಧರ್ಮ, ವಾಚಕ ಎಂದು ಉಪಮೆಗೆ ನಾಲ್ಕು ಅಂಗಗಳನ್ನು ಲಾಕ್ಷಣಿಕರು ಹೇಳಿದ್ದಾರೆ. ಇವುಗಳಲ್ಲಿ ಪ್ರಾಣಭೂತವಾದುದು ಸಾಧಾರಣಧರ್ಮ. ಇಳಕಲ್ಲಿನ ನೇಕಾರನು ಸೀರೆಯ ಒಡಲಿಗೂ ಸೆರಗಿಗೂ ಬೇರೆ ಬೇರೆ ಹಾಸು ಹೂಡಿ, ಎಳೆಗೆ ಎಳೆಯನ್ನು ಕೊಂಡಿ ಹಾಕಿ ಜೋಡಿಸುತ್ತಾನೆ. ಒಡಲು ಹತ್ತಿಯದಿರಬಹುದು, ಸೆರಗು ರೇಶಿಮೆಯದಿರಬಹುದು; ಅದರಿಂದ ಸೀರೆ ಕೆಡುವುದಿಲ್ಲ. ಆದರೆ ಕೊಂಡಿ ತಪ್ಪಿದರೆ ಸೆರಗು ಎಷ್ಟು ಚೆಲುವಾಗಿದ್ದರೂ ಒಡಲಿಗೆ ಒಗ್ಗುವುದಿಲ್ಲ. ಸಾಧಾರಣಧರ್ಮವು ಉಪಮೆಯ ಕೊಂಡಿ. ಹೋಲಿಸುವ ಎರಡು ವಸ್ತುಗಳು ಭಿನ್ನವಾಗಿರುವುದು ದೋಷವಲ್ಲ. ಅವುಗಳನ್ನು ಕೂಡಿಸುವ ಗುಣವು ಎರಡರಲ್ಲಿಯೂ ನಿಜವಾಗಿ ಇರದಿದ್ದರೆ ಅದು ದೋಷ.

ಭರತನಲ್ಲಿಯೂ ಕಂಠಿಯವರಲ್ಲಿಯೂ ಸಮಾನವಾದ ಧರ್ಮ ಯಾವುದು? ಕೈಗೆ ಬಂದ ಅಧಿಕಾರವನ್ನು ತನ್ನದೆಂದು ಹಿಡಿದುಕೊಳ್ಳದಿರುವುದು ಎಂದು ಉಪಮೆಯನ್ನು ಹೇಳುವವರು ಉತ್ತರಿಸುವರು. ಇದು ಯಥಾರ್ಥ. ವಾಲ್ಮೀಕಿಯ ಭರತನು ರಾಜ್ಯವನ್ನು ‘ನ್ಯಾಸ’ವೆಂದು ಕರೆಯುತ್ತಾನೆ. ಒಡೆಯನು ತಿರುಗಿ ಕೇಳುವವರೆಗೆ ಜೋಪಾನ ಮಾಡಲೆಂದು ಇನ್ನೊಬ್ಬನ ಕೈಯಲ್ಲಿಟ್ಟ ಒಡವೆಯೇ ನ್ಯಾಸ. ಯುದ್ಧಕಾಂಡದ ಕೊನೆಯಲ್ಲಿ ರಾಜ್ಯವನ್ನೊಪ್ಪಿಸುವಾಗ ಅವನು ಬರಿಯ ನಮಸ್ಕಾರ ಮಾಡಿ ಸುಮ್ಮನಾಗುವುದಿಲ್ಲ. ಬೊಕ್ಕಸವನ್ನೂ ಕಣಜವನ್ನೂ ಸೇನೆಯನ್ನೂ ಪರೀಕ್ಷಿಸಿ ನೋಡೆಂದು ಅಣ್ಣನಿಗೆ ಹೇಳಿ, ಎಲ್ಲವೂ ಹತ್ತುಮಡಿ ಆಗಿವೆಯೆಂದು ಲೆಕ್ಕವೊಪ್ಪಿಸುತ್ತಾನೆ. ಭರತನ ಹೆಸರೆತ್ತಿದೊಡನೆ ಕಣ್ಣೀರನ್ನೂ ನಾರುಮಡಿಯನ್ನೂ ಪಾದುಕೆಗಳನ್ನೂ ಸ್ಮರಿಸುವ ವಾಗ್ಮಿಗಳು ಈ ಲೆಕ್ಕದ ಸಂಗತಿಯನ್ನು ಸ್ಮರಿಸುವುದು ಅಪರೂಪ. ಆದರೆ ಭರತನ ಧರ್ಮದ ಅರ್ಧಭಾಗವು ಅಲ್ಲಿದೆ.

ಉಪಮೆಯ ಗುಣವನ್ನು ಹೇಳಿದ್ದಾಯಿತು; ಇನ್ನು ದೋಷ. ನ್ಯಾಸವೆಂದ ಮೇಲೆ ಅದಕ್ಕೊಬ್ಬ ಒಡೆಯನಿರಬೇಕು. ಅಯೋಧ್ಯೆಯ ಕಥೆಯಲ್ಲಿ ಒಡೆಯನು ಶ್ರೀರಾಮ; ಜ್ಯೇಷ್ಠಪುತ್ರನಿಗೆ ಸಿಂಹಾಸನವೆಂಬುದು ಆ ಕುಲದ ಧರ್ಮ. ಮೈಸೂರು ರಾಜ್ಯದ ಮುಖ್ಯಮಂತ್ರಿಪದಕ್ಕೆ ಒಡೆಯರು ಯಾರು? ನಿಜಲಿಂಗಪ್ಪನವರು ಅನುಭವದಲ್ಲಿ ಹಿರಿಯರು, ಏಕೀಕರಣಕ್ಕಾಗಿ ದುಡಿದವರು, ಪಕ್ಷದೊಳಗೆ ಬಹುಜನರ ವಿಶ್ವಾಸ ಪಡೆದವರು. ಈ ಮಾತುಗಳಲ್ಲಿ ಯಾವುದನ್ನೂ ಅಲ್ಲಗಳೆಯಲಾಗದು. ಆದರೆ ಇವುಗಳಿಂದ ಒಬ್ಬನು ಪದಕ್ಕೆ ಅರ್ಹನಾಗುತ್ತಾನೆಯೇ ಹೊರತು ಒಡೆಯನಾಗುವುದಿಲ್ಲ. ರಾಮನ ವನವಾಸಕ್ಕೆ ಕಾರಣವಾದುದು ತಂದೆಯ ವಚನ. ನಿಜಲಿಂಗಪ್ಪನವರ ಮೂರು ತಿಂಗಳ ವನವಾಸಕ್ಕೆ ಕಾರಣವಾದುದು ಹೊಸದುರ್ಗದ ಮತದಾರರ ವಚನ. ಉಪಮೆಯನ್ನು ಅಕ್ಷರಶಃ ಹಿಡಿದರೆ ಹೊಸದುರ್ಗದ ಮತದಾರರು ಕೈಕೇಯಿಯ ಸ್ಥಾನದಲ್ಲಿ ನಿಲ್ಲಬೇಕಾಗುತ್ತದೆ! ತಮ್ಮ ಹಕ್ಕನ್ನು ಚಲಾಯಿಸಿದ ಪ್ರಜೆಗಳಿಗೆ ಇಂಥ ಪಾತ್ರವನ್ನು ಹಂಚುವ ಉಪಮೆಯು ಗಣರಾಜ್ಯದಲ್ಲಿ ಉಚಿತವೆನಿಸದು.

ಎರಡನೆಯ ದೋಷವು ಇನ್ನೂ ಸೂಕ್ಷ್ಮವಾದುದು. ಭರತನು ಸಿಂಹಾಸನವನ್ನೇರಲಿಲ್ಲ, ನಂದಿಗ್ರಾಮದಲ್ಲಿ ಪಾದುಕೆಗಳಿಗೆ ಪಟ್ಟಾಭಿಷೇಕ ಮಾಡಿ, ಅವುಗಳ ಹೆಸರಿನಲ್ಲಿ ಆಳಿದನು. ಕಂಠಿಯವರು ಸ್ವತಃ ಪ್ರಮಾಣವಚನ ತೆಗೆದುಕೊಂಡರು. ಆಗ ರಾಜ್ಯಪಾಲರಾಗಿದ್ದವರು ಶ್ರೀ ಜಯಚಾಮರಾಜ ಒಡೆಯರು. ಹುಟ್ಟಿನಿಂದ ಸಿಂಹಾಸನವೇರಿದ್ದ ಮಹಾರಾಜರು ಅದನ್ನು ಬಿಟ್ಟು ಸಂವಿಧಾನದ ಸ್ಥಾನದಲ್ಲಿ ಕುಳಿತಿದ್ದ ಕಾಲವದು. ಆ ಪ್ರಮಾಣದಲ್ಲಿ ಸಂವಿಧಾನಕ್ಕೆ ನಿಷ್ಠೆಯುಂಟು, ಭಯಪಕ್ಷಪಾತಗಳಿಲ್ಲದೆ ನಡೆಯುವ ಸಂಕಲ್ಪವುಂಟು. ಬಾರದಿರುವ ಇನ್ನೊಬ್ಬರ ಪರವಾಗಿ ಆಳುವೆನೆಂಬ ಮಾತು ಅದರಲ್ಲಿಲ್ಲ. ಮುಖ್ಯಮಂತ್ರಿಯಾದವನು ಇನ್ನೊಬ್ಬರ ಪಾದುಕೆಗಳನ್ನು ಮೇಜಿನ ಮೇಲಿರಿಸಿಕೊಂಡು ಕಾಗದಗಳಿಗೆ ಸಹಿ ಹಾಕಿದರೆ ಅದು ತ್ಯಾಗವಲ್ಲ, ಪ್ರಮಾಣಭಂಗ. ಆ ಮೂರು ತಿಂಗಳುಗಳಲ್ಲಿ ಶಾಸನಸಭೆಗೆ ಉತ್ತರ ಕೊಡಬೇಕಾದ ಹೊಣೆ ಕಂಠಿಯವರದೇ ಆಗಿದ್ದಿತು. ಅವರನ್ನು ಭರತನೆಂದು ಹೊಗಳುವವರು ತಿಳಿಯದೆಯೇ ಅವರ ಮೇಲೆ ಒಂದು ಆರೋಪವನ್ನು ಹೊರಿಸುತ್ತಿದ್ದಾರೆ. ನಿಂದೆಯ ವೇಷದಲ್ಲಿ ಸ್ತುತಿ ಬರುವುದನ್ನೂ ಸ್ತುತಿಯ ವೇಷದಲ್ಲಿ ನಿಂದೆ ಬರುವುದನ್ನೂ ಲಾಕ್ಷಣಿಕರು ವ್ಯಾಜಸ್ತುತಿಯೆಂದು ಕರೆದಿದ್ದಾರೆ. ಆದರೆ ಅಲ್ಲಿ ಕವಿಗೆ ತಾನು ಮಾಡುವುದೇನೆಂಬುದು ಗೊತ್ತಿರುತ್ತದೆ.

ಮೂರನೆಯದು, ಉಪಮೆಯಿಂದಾಗುವ ಮರೆವು. ರಾಮ-ಭರತರೆಂಬ ಇಬ್ಬರೇ ರಂಗದ ಮೇಲೆ ನಿಂತಾಗ ಉಳಿದವರು ಕತ್ತಲೆಗೆ ಸರಿಯುತ್ತಾರೆ. ಗೆದ್ದ ಸ್ಥಾನವನ್ನೇ ಬಿಟ್ಟುಕೊಟ್ಟ ಮುರನಾಳರಿಗೆ ಈ ಕಥೆಯಲ್ಲಿ ಹೆಸರಿಲ್ಲ. ಕಂಠಿಯವರು ಮುಖ್ಯಮಂತ್ರಿಪದವನ್ನು ಬಿಟ್ಟರೂ ಹುನಗುಂದದ ಪ್ರತಿನಿಧಿಗಳಾಗಿ ಉಳಿದರು. ಮುರನಾಳರು ಪ್ರತಿನಿಧಿತ್ವವನ್ನೇ ಬಿಟ್ಟರು. ತ್ಯಾಗದ ತೂಕವೇ ಮಾನದಂಡವಾದರೆ ಯಾರ ತಟ್ಟೆ ಕೆಳಗಿಳಿಯುವುದೆಂಬುದನ್ನು ವಾಚಕರೇ ನಿರ್ಣಯಿಸಬಹುದು. ಅದಕ್ಕಿಂತಲೂ ಮಿಗಿಲಾಗಿ, ಬಾಗಲಕೋಟೆಯ ಮತದಾರರಿಗೂ ಈ ಕಥೆಯಲ್ಲಿ ಸ್ಥಾನವಿಲ್ಲ. ಆ ವರುಷದ ಆರಂಭದಲ್ಲಿ ಅವರು ಒಬ್ಬರನ್ನು ಆರಿಸಿದ್ದರು. ಕೆಲವೇ ತಿಂಗಳಲ್ಲಿ ಮತ್ತೊಬ್ಬರು ಅವರ ಪ್ರತಿನಿಧಿಗಳಾದರು. ಎರಡನೆಯ ಸಲ ಮತಪತ್ರವನ್ನು ಮುಟ್ಟುವ ಪ್ರಸಂಗವೇ ಬರಲಿಲ್ಲ. ಅವಿರೋಧವಾದ ಆಯ್ಕೆ ಕಾಯಿದೆಗೆ ಸಮ್ಮತವಾದುದು. ಊರಿಗೆ ಮುಖ್ಯಮಂತ್ರಿಯೇ ಪ್ರತಿನಿಧಿಯಾಗುವುದು ಗೌರವದ ಸಂಗತಿಯೆಂದು ಬಹುಜನರಿಗೆ ತೋರಿದ್ದರೂ ತೋರಿರಬಹುದು. ಆದರೂ ಅಯೋಧ್ಯಾಕಾಂಡದ ಆರಂಭದಲ್ಲಿ ದಶರಥನು ರಾಮನಿಗೆ ಯೌವರಾಜ್ಯ ಕಟ್ಟುವ ಮುನ್ನ ಸಭೆ ಕೂಡಿಸಿ, ಪೌರಜಾನಪದರ ಅಭಿಪ್ರಾಯವನ್ನು ಕೇಳಿದುದನ್ನು ಇಲ್ಲಿ ನೆನೆಯಬೇಕು. ರಾಜತಂತ್ರದ ಕಾವ್ಯದಲ್ಲಿ ಪ್ರಜೆಗಳನ್ನು ಕೇಳಿದರು. ಗಣತಂತ್ರದ ಬಾಗಲಕೋಟೆಯಲ್ಲಿ ಕೇಳುವ ಸಂದರ್ಭವೊದಗಲಿಲ್ಲ. ಉಪಮೆಯು ಈ ವ್ಯತ್ಯಾಸವನ್ನು ಮುಚ್ಚುತ್ತದೆ.

ಉಪಮಾನಕ್ಕಾಗಿ ಸರಯೂ ತೀರದವರೆಗೆ ಹೋಗುವ ವಾಗ್ಮಿಗಳು ಮಲಪ್ರಭೆಯ ಸೀಮೆಯಲ್ಲಿಯೇ ಇರುವ ಒಂದು ಕಥೆಯನ್ನು ಗಮನಿಸಿಲ್ಲ. ಬಾದಾಮಿಯ ಮೂರನೆಯ ಗುಹೆ ವಿಷ್ಣುವಿಗಾಗಿ ಕೊರೆದದ್ದು. ಅಲ್ಲಿಯ ಶಾಸನದ ಕಾಲ 578. ಕೊರೆಯಿಸಿದವನು ಚಾಲುಕ್ಯ ಕೀರ್ತಿವರ್ಮನ ತಮ್ಮನಾದ ಮಂಗಲೇಶ. ಅಷ್ಟು ದೊಡ್ಡ ಕಾರ್ಯವನ್ನು ಮಾಡಿಸಿಯೂ ಅವನು ಅದರ ಪುಣ್ಯವನ್ನು ಅಣ್ಣನಿಗೆ ಅರ್ಪಿಸಿ, ಭ್ರಾತೃಶುಶ್ರೂಷೆಯ ಫಲವೊಂದೇ ತನಗಿರಲೆಂದು ಶಾಸನದಲ್ಲಿ ಬರೆಯಿಸಿದ್ದಾನೆ. ಇದಕ್ಕಿಂತ ಹೆಚ್ಚು ಭರತಸದೃಶವಾದ ವಚನ ಯಾವುದಿದ್ದೀತು! ಅಣ್ಣನು ತೀರಿದ ಮೇಲೆ ಅದೇ ಮಂಗಲೇಶನು ಪಟ್ಟವೇರಿದನು. ಮುಂದಿನ ಸಂಗತಿಯು ಹುನಗುಂದ ತಾಲೂಕಿನ ಐಹೊಳೆಯಲ್ಲಿ, ಮೇಗುತಿ ಗುಡಿಯ ಗೋಡೆಯ ಮೇಲೆ, ರವಿಕೀರ್ತಿಯು 634ರಲ್ಲಿ ರಚಿಸಿದ ಶಾಸನದಲ್ಲಿದೆ. ಅಣ್ಣನ ಮಗನಾದ ಪುಲಕೇಶಿಯನ್ನು ಬಿಟ್ಟು ತನ್ನ ಮಗನಿಗೆ ರಾಜ್ಯವನ್ನು ಕೊಡಿಸಲು ಯತ್ನಿಸಿದ ಮಂಗಲೇಶನು, ಆ ಯತ್ನದೊಂದಿಗೆ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡನೆಂದು ಕವಿ ಹೇಳುತ್ತಾನೆ. ಆ ಕಲಹದ ತರುವಾಯ ಲೋಕಕ್ಕೆಲ್ಲ ಶತ್ರುಗಳೆಂಬ ಕತ್ತಲೆ ಕವಿಯಿತೆಂದೂ ಅವನೇ ಹೇಳಿದ್ದಾನೆ.

ಗುಹೆಯಲ್ಲಿ ಭರತನಾಗಿದ್ದವನೇ ಗುಡಿಯ ಗೋಡೆಯ ಮೇಲೆ ರಾಜ್ಯಾಪಹಾರಿಯಾಗಿದ್ದಾನೆ. ಇದರಿಂದ ತಿಳಿಯಬೇಕಾದುದು ಇಷ್ಟು: ಅಧಿಕಾರವು ಕೈಯಿಂದ ಕೈಗೆ ಸಾಗುವ ಕಾರ್ಯವನ್ನು ಒಬ್ಬನ ಸೌಜನ್ಯಕ್ಕೆ ಬಿಟ್ಟರೆ, ಆ ಸೌಜನ್ಯವು ಮೂವತ್ತು ವರುಷ ಬಾಳೀತೆಂಬ ಭರವಸೆಯಿಲ್ಲ. ಸಜ್ಜನನಿದ್ದರೆ ಪಾದುಕೆ, ಇಲ್ಲದಿದ್ದರೆ ಖಡ್ಗ. 1962ರ ಜೂನ್ ತಿಂಗಳಲ್ಲಿ ಪಾದುಕೆಯೂ ಬೇಕಾಗಲಿಲ್ಲ, ಖಡ್ಗವೂ ಬೇಕಾಗಲಿಲ್ಲ. ಒಂದು ರಾಜೀನಾಮೆಯ ಕಾಗದವೂ ಒಂದು ಪ್ರಮಾಣವಚನವೂ ಸಾಕಾದವು. ಅಧಿಕಾರಕ್ಕಾಗಿ ಚಿಕ್ಕಪ್ಪನೂ ಮಗನೂ ಹೊಡೆದಾಡಿದ ನೆಲದಲ್ಲಿ ಇದು ಎಷ್ಟು ದೊಡ್ಡ ಸಾಧನೆ! ಭರತನ ಉಪಮೆಯು ಈ ಸಾಧನೆಯನ್ನು ಒಬ್ಬ ವ್ಯಕ್ತಿಯ ಗುಣಕ್ಕೆ ಸೇರಿಸಿಬಿಡುವುದರಿಂದ, ಅದನ್ನು ಸಾಧ್ಯಗೊಳಿಸಿದ ನಿಯಮವು ಕಾಣದೆ ಹೋಗುತ್ತದೆ.

ಹೊಸ ಗಣರಾಜ್ಯಗಳು ತಮ್ಮ ಪುರುಷರಿಗೆ ಹಳೆಯ ಕಥೆಗಳಲ್ಲಿ ಉಪಮಾನ ಹುಡುಕುವುದು ಈ ಸೀಮೆಯಲ್ಲಿ ಮಾತ್ರ ಕಂಡುಬರುವ ರೂಢಿಯಲ್ಲ. ಅಮೇರಿಕೆಯವರು ಇಂಗ್ಲೆಂಡಿನ ಅರಸನನ್ನು ತೊರೆದು ಸ್ವತಂತ್ರರಾದಾಗ, ಅವರ ಸೇನಾನಿಯಾಗಿದ್ದ ಜಾರ್ಜ್ ವಾಶಿಂಗ್ಟನ್ನನು 1783ರ ಡಿಸೆಂಬರಿನಲ್ಲಿ ಸೇನಾಧಿಪತ್ಯವನ್ನು ಕಾಂಗ್ರೆಸ್ ಸಭೆಗೆ ಒಪ್ಪಿಸಿ ತನ್ನ ಹೊಲಮನೆಗೆ ತೆರಳಿದನು. ಜನರು ಅವನನ್ನು ರೋಮಿನ ಸಿನ್ಸಿನ್ಯಾಟಸನಿಗೆ ಹೋಲಿಸಿದರು. ಆ ಸಿನ್ಸಿನ್ಯಾಟಸನು ನೇಗಿಲು ಬಿಟ್ಟು ಬಂದು, ಸರ್ವಾಧಿಕಾರ ಪಡೆದು, ಶತ್ರುಗಳನ್ನು ಗೆದ್ದು, ಅಧಿಕಾರವನ್ನು ತ್ಯಜಿಸಿ ಮತ್ತೆ ನೇಗಿಲು ಹಿಡಿದವನೆಂಬುದು ಪುರಾತನ ಕಥೆ. ಭರತನ ಕಥೆಗೂ ಇದಕ್ಕೂ ಇರುವ ಅಂತರವನ್ನು ಗಮನಿಸಬೇಕು. ಭರತನು ಅಧಿಕಾರವನ್ನು ಒಬ್ಬ ವ್ಯಕ್ತಿಗೆ ಹಿಂದಿರುಗಿಸಿದನು. ಸಿನ್ಸಿನ್ಯಾಟಸನು ಅದನ್ನು ಯಾವ ವ್ಯಕ್ತಿಗೂ ಕೊಡದೆ, ಕೊಟ್ಟ ರಾಜ್ಯಕ್ಕೇ ಬಿಟ್ಟನು. ಗುಣದಲ್ಲಿ ಭರತನು ಕಡಿಮೆಯವನಲ್ಲ. ಆದರೆ ಗಣರಾಜ್ಯದ ಮಟ್ಟಿಗೆ ಆ ರೋಮನ್ ರೈತನ ಕೊಂಡಿಯೇ ಸರಿಯಾಗಿ ಬೀಳುತ್ತದೆ.

ಆದಾಗ್ಯೂ ಸಜ್ಜನರ ಉಪಮೆಯೊಂದರಿಂದಲೇ ಆ ದೇಶದಲ್ಲಿಯೂ ಕೆಲಸ ಸಾಗಲಿಲ್ಲ. ವಾಶಿಂಗ್ಟನ್ನನು ಎರಡು ಸಲ ಅಧ್ಯಕ್ಷನಾಗಿ, 1796ರಲ್ಲಿ ವಿರಮಿಸುವಾಗ ಪಕ್ಷದ್ವೇಷದ ವಿಷಯದಲ್ಲಿ ಎಚ್ಚರಿಕೆ ಹೇಳಿದನು. ಅವನು ಹೇಳುತ್ತಿದ್ದಾಗಲೇ ಫೆಡರಲಿಸ್ಟರು, ರಿಪಬ್ಲಿಕನ್ನರು ಎಂದು ಎರಡು ಪಕ್ಷಗಳು ಹುಟ್ಟಿಕೊಂಡಿದ್ದವು. ಅವರ ಸಂವಿಧಾನವು ಪಕ್ಷಗಳನ್ನು ನೆನೆಸಿಯೇ ಇರಲಿಲ್ಲ. ಹೆಚ್ಚು ಮತ ಪಡೆದವನು ಅಧ್ಯಕ್ಷ, ಎರಡನೆಯವನು ಉಪಾಧ್ಯಕ್ಷ ಎಂಬ ನಿಯಮವಿದ್ದುದರಿಂದ, 1796ರಲ್ಲಿ 71 ಮತ ಪಡೆದ ಜಾನ್ ಆಡಮ್ಸನ ಕೆಳಗೆ 68 ಮತ ಪಡೆದ ಅವನ ಪ್ರತಿಸ್ಪರ್ಧಿ ಥಾಮಸ್ ಜೆಫರ್ಸನ್ನನೇ ಉಪಾಧ್ಯಕ್ಷನಾಗಿ ಕುಳಿತುಕೊಳ್ಳಬೇಕಾಯಿತು. 1800ರ ಚುನಾವಣೆಯಲ್ಲಿ ಇನ್ನೂ ವಿಚಿತ್ರ ಒದಗಿತು: ಒಂದೇ ಪಕ್ಷದ ಜೆಫರ್ಸನ್ನನಿಗೂ ಆರನ್ ಬರ್ರನಿಗೂ ಸಮವಾಗಿ 73 ಮತಗಳು ಬಂದವು. ಅಧ್ಯಕ್ಷನಾಗತಕ್ಕವನು ಜೆಫರ್ಸನ್ನನೆಂದು ಪಕ್ಷದವರೆಲ್ಲ ಬಲ್ಲವರಾಗಿದ್ದರೂ ಬರ್ರನು ಸ್ಪಷ್ಟವಾಗಿ ಹಿಂದೆ ಸರಿಯಲಿಲ್ಲ. ಭರತನಾಗಬೇಕಾದವನು ಭರತನಾಗಲಿಲ್ಲ. ಪ್ರತಿನಿಧಿಸಭೆಯಲ್ಲಿ 36 ಸಲ ಮತವೆಣಿಸಿದ ಮೇಲೆ 1801ರ ಫೆಬ್ರುವರಿ 17ರಂದು ಜೆಫರ್ಸನ್ನನು ಆಯ್ಕೆಯಾದನು. ಸೋತ ಆಡಮ್ಸನು ಮಾರ್ಚ್ 4ರ ಸಮಾರಂಭಕ್ಕೆ ನಿಲ್ಲದೆ ಬೆಳಗಾಗುವ ಮೊದಲೇ ಊರು ಬಿಟ್ಟನು. ಆದರೆ ಅಧಿಕಾರವನ್ನು ಬಿಡದೆ ಕೂಡಲಿಲ್ಲ. ಆ ದೇಶದವರು ಬರ್ರನನ್ನು ಬೈದು ಸುಮ್ಮನಾಗಲಿಲ್ಲ. 1804ರಲ್ಲಿ ಸಂವಿಧಾನವನ್ನು ತಿದ್ದಿ, ಎರಡೂ ಪದಗಳಿಗೆ ಬೇರೆ ಬೇರೆ ಮತ ಕೊಡುವ ಏರ್ಪಾಡು ಮಾಡಿದರು. ಒಬ್ಬನ ಔದಾರ್ಯವನ್ನು ಕಾಯುವ ಬದಲು ನಿಯಮವನ್ನು ಸರಿಪಡಿಸುವುದು ಗಣರಾಜ್ಯದ ಮಾರ್ಗ.

ಇಲ್ಲಿ ‘ಪಕ್ಷ’ ಎಂಬ ಶಬ್ದವನ್ನೂ ಒಂದಿಷ್ಟು ವಿಚಾರಿಸಬಹುದು. ತರ್ಕಶಾಸ್ತ್ರದಲ್ಲಿ ಪಕ್ಷವೆಂದರೆ ಸಾಧ್ಯವು ಇದೆಯೋ ಇಲ್ಲವೋ ಎಂಬ ಸಂದೇಹಕ್ಕೆ ಆಶ್ರಯವಾದುದು. ಬೆಟ್ಟದಲ್ಲಿ ಬೆಂಕಿಯಿದೆಯೆಂದು ಸಾಧಿಸಬೇಕಾದಾಗ ಬೆಟ್ಟವೇ ಪಕ್ಷ. ಸಾಧಿಸುವವರೆಗೆ ಅದು ಸಿದ್ಧಾಂತವಲ್ಲ. ರಾಜಕೀಯ ಪಕ್ಷಕ್ಕೂ ಈ ಅರ್ಥವು ಚೆನ್ನಾಗಿ ಒಪ್ಪುತ್ತದೆ. ದೇಶಹಿತವು ತನ್ನಲ್ಲಿದೆಯೆಂಬುದನ್ನು ಅದು ಪ್ರತಿ ಚುನಾವಣೆಯಲ್ಲಿಯೂ ಹೊಸದಾಗಿ ಸಾಧಿಸಿ ತೋರಿಸಬೇಕು. ಪಕ್ಷವು ತನ್ನನ್ನು ಸಿದ್ಧಾಂತವೆಂದೂ ತನ್ನ ನಾಯಕನನ್ನು ಪದದ ಒಡೆಯನೆಂದೂ ತಿಳಿದಾಗ ಭರತ-ರಾಮರ ಭಾಷೆ ಅದಕ್ಕೆ ಅನುಕೂಲವಾಗುತ್ತದೆ.

ಆ ಭಾಷೆಯ ದೌರ್ಬಲ್ಯವು ಏಳೇ ವರುಷಗಳಲ್ಲಿ ಪ್ರಕಟವಾಯಿತು. 1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನರು ದಿವಂಗತರಾದರು. ಆಗ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು ಇದೇ ನಿಜಲಿಂಗಪ್ಪನವರು. ಪಕ್ಷವು ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯೆಂದು ಬೆಂಗಳೂರಿನಲ್ಲಿ ನಿರ್ಣಯಿಸಿತು; ಪ್ರಧಾನಮಂತ್ರಿ ಇಂದಿರಾ ಗಾಂಧಿಯವರು ಆತ್ಮಸಾಕ್ಷಿಯಂತೆ ಮತ ಕೊಡಿರೆಂದು ಕರೆಕೊಟ್ಟರು. ಆಗಸ್ಟ್ 20ರ ಎಣಿಕೆಯಲ್ಲಿ ಮೊದಲ ಪ್ರಾಶಸ್ತ್ಯದ ಮತಗಳಿಂದ ಯಾರೂ ಗೆಲ್ಲಲಿಲ್ಲ. ಎರಡನೆಯ ಪ್ರಾಶಸ್ತ್ಯದ ಮತಗಳನ್ನೂ ಕೂಡಿಸಿದಾಗ ವಿ. ವಿ. ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427 ಮೌಲ್ಯದ ಮತಗಳಾದವು. ನವೆಂಬರಿನಲ್ಲಿ ಪಕ್ಷವೇ ಒಡೆಯಿತು. ಒಂದು ಕಡೆ ಪಕ್ಷದ ಶಿಸ್ತು, ಇನ್ನೊಂದು ಕಡೆ ಆತ್ಮಸಾಕ್ಷಿ; ಎರಡೂ ಕಡೆಗಳಲ್ಲಿ ಅಧಿಕಾರದ ಆಸೆಯೂ ಬೆರೆತಿದ್ದಿತು. ಈ ಪ್ರಸಂಗದಲ್ಲಿ ರಾಮನು ಯಾರು, ಭರತನು ಯಾರು? ಹಾಗೆ ಕೇಳುವುದೇ ಅಸಂಗತವಾಗಿ ತೋರುತ್ತದೆ. ಗಿರಿಯವರು ರಾಷ್ಟ್ರಪತಿಗಳಾದುದಕ್ಕೆ ಆಧಾರ ಎಣಿಸಿದ ಮತ, ಅಷ್ಟೇ. ಸೋತ ಪಕ್ಷವೂ ಆ ಎಣಿಕೆಗೆ ತಲೆಬಾಗಿತು.

ಎಂಟು ವರುಷಗಳ ಬಳಿಕ ಅದೇ ರಾಷ್ಟ್ರಪತಿಪದದ ಭಾರವು ಜಮಖಂಡಿಯ ಜತ್ತಿಯವರ ಹೆಗಲಿಗೆ ಬಂದಿತು. 1977ರ ಫೆಬ್ರುವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ತೀರಿಕೊಂಡಾಗ, ಉಪರಾಷ್ಟ್ರಪತಿಗಳಾಗಿದ್ದ ಜತ್ತಿಯವರು ಹಂಗಾಮಿ ರಾಷ್ಟ್ರಪತಿಗಳಾದರು. ಮಾರ್ಚ್ ತಿಂಗಳಲ್ಲಿ ಜನತಾ ಪಕ್ಷವು ಗೆದ್ದು, ಕಾಂಗ್ರೆಸ್ಸಿನ ಆಡಳಿತವಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಬೇಕೆಂದು ಸಲಹೆಯಿತ್ತಿತು. ಜತ್ತಿಯವರು ಕೂಡಲೇ ಸಹಿ ಹಾಕಲಿಲ್ಲ. ಏಪ್ರಿಲ್ 29ರಂದು ಸರ್ವೋಚ್ಚ ನ್ಯಾಯಾಲಯವು ರಾಜ್ಯಗಳ ದಾವೆಗಳನ್ನು ತಳ್ಳಿಹಾಕಿತು. ಮರುದಿನ ಅವರು ಸಹಿ ಹಾಕಿದರು. ಈ ವಿಳಂಬದಲ್ಲಿ ಹಳೆಯ ಪಕ್ಷದ ಮೋಹವನ್ನು ಕಂಡವರುಂಟು, ವಿವೇಕವನ್ನು ಕಂಡವರೂ ಉಂಟು. 1976ರ ನಲವತ್ತೆರಡನೆಯ ತಿದ್ದುಪಡಿಯ ಮೇರೆಗೆ ಮಂತ್ರಿಮಂಡಲದ ಸಲಹೆ ರಾಷ್ಟ್ರಪತಿಗಳಿಗೆ ಬಂಧನಕಾರಿಯಾಗಿದ್ದುದರಿಂದ ಮೊದಲನೆಯವರ ಆಕ್ಷೇಪಣೆಗೆ ಬಲವಿದೆ. ಆದರೆ 1978ರ ನಲವತ್ತನಾಲ್ಕನೆಯ ತಿದ್ದುಪಡಿಯು, ಸಲಹೆಯನ್ನು ಪುನರ್ವಿಚಾರಕ್ಕೆ ಒಮ್ಮೆ ಹಿಂದಿರುಗಿಸಲು ರಾಷ್ಟ್ರಪತಿಗಳಿಗೆ ಅವಕಾಶವಿತ್ತಿತು. ನಿಂತು ಯೋಚಿಸುವುದಕ್ಕೆ ಆಮೇಲೆ ನಿಯಮದಲ್ಲಿಯೇ ಎಡೆಯಾಯಿತು. 1977ರ ಜುಲೈ 25ರಂದು ಜತ್ತಿಯವರಿಂದ ಅಧಿಕಾರ ವಹಿಸಿಕೊಂಡ ಹೊಸ ರಾಷ್ಟ್ರಪತಿಗಳು, 1969ರಲ್ಲಿ ಸೋತಿದ್ದ ಅದೇ ಸಂಜೀವ ರೆಡ್ಡಿಯವರು. ನಿಜಲಿಂಗಪ್ಪನವರ ಪ್ರತಿಸ್ಪರ್ಧಿಗಳಾಗಿದ್ದವರು ನಿಜಲಿಂಗಪ್ಪನವರ ಅಭ್ಯರ್ಥಿಗಳಾಗಿದ್ದವರಿಗೆ ಸ್ಥಾನವನ್ನೊಪ್ಪಿಸಿ ಎದ್ದರು. ಅವರನ್ನು ಯಾರೂ ಭರತನೆನ್ನಲಿಲ್ಲ. ಆದರೆ ನ್ಯಾಸವನ್ನು ಅವರೂ ಒಪ್ಪಿಸಿದರು.

ಇಷ್ಟಕ್ಕೆ ಒಂದು ಪೂರ್ವಪಕ್ಷವುಂಟು. ಸಾಮಾನ್ಯ ಜನರು ಉಪಮೆಯ ನಾಲ್ಕು ಅಂಗಗಳನ್ನು ಎಣಿಸುತ್ತ ಕೂಡುವುದಿಲ್ಲ. ಭರತನೆಂದರೆ ಅವರಿಗೆ ನಿಃಸ್ವಾರ್ಥಿ ಎಂದಿಷ್ಟೇ ಅರ್ಥ. ಪದಕ್ಕಾಗಿ ಬಡಿದಾಡುವವರ ನಡುವೆ ಪದವನ್ನು ಬಿಟ್ಟ ಒಬ್ಬರನ್ನು ಆ ಹೆಸರಿನಿಂದ ನೆನೆದರೆ ಹಾನಿಯೇನು, ಎಂದು ಕೇಳಬಹುದು. ಆಕ್ಷೇಪಣೆ ಹುರುಳಿಲ್ಲದ್ದಲ್ಲ. ಅಧಿಕಾರದ ಪೀಠಕ್ಕೆ ಅಂಟಿಕೊಂಡವರನ್ನು ಎಷ್ಟೋ ಕಂಡ ಜನಕ್ಕೆ ಕಂಠಿಯವರ ನಡತೆ ರಾಮಾಯಣದಿಂದ ಎದ್ದು ಬಂದಂತೆ ತೋರಿದರೆ ಅದು ಸಹಜ. ಹಾನಿಯಿರುವುದು ಮಕ್ಕಳ ಕಲಿಕೆಯಲ್ಲಿ. ಹಿರಿಯನಿಗೆ ಜಾಗ ಬಿಡುವುದೇ ರಾಜಕೀಯದ ಪರಮಧರ್ಮವೆಂದು ಈ ಉಪಮೆಯಿಂದ ಅವರು ತಿಳಿಯುತ್ತಾರೆ. ಸ್ಥಾನವು ಯಾರಿಂದ ಬಂದಿತು, ಯಾರಿಗೆ ಲೆಕ್ಕ ಕೊಡಬೇಕು ಎಂಬ ಪ್ರಶ್ನೆಗಳು ಅವರಿಗೆ ಹೊಳೆಯುವುದಿಲ್ಲ. ನಾಳೆ ಅವರೇ ಮತದಾರರಾದಾಗ, ತಾವು ಒಡೆಯರೆಂಬುದನ್ನು ಮರೆತು, ಯಾರೋ ರಾಮನು ಬರಲಿರುವನೆಂದು ಕಾಯುತ್ತ ಕೂಡುವ ಭಯವುಂಟು.

ಹಾಗಾದರೆ ಕಂಠಿಯವರನ್ನು ಹೇಗೆ ಹೊಗಳಬೇಕು? ಅದಕ್ಕೆ ಸಾಮಗ್ರಿಯು ಅವರ ಜೀವಿತದಲ್ಲಿಯೇ ಇದೆ. ಅವರು ಮೊದಲು ಮುಂಬಯಿ ವಿಧಾನಸಭೆಯಲ್ಲಿ ಉಪಸಭಾಧ್ಯಕ್ಷರಾಗಿಯೂ, ಏಕೀಕರಣದ ತರುವಾಯ 1956ರಿಂದ 1962ರ ವರೆಗೆ ಮೈಸೂರು ವಿಧಾನಸಭೆಯ ಸಭಾಧ್ಯಕ್ಷರಾಗಿಯೂ ಕೆಲಸ ಮಾಡಿದವರು. ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು, ಹಳೆಯ ಮೈಸೂರುಗಳಿಂದ ಬಂದ ಸದಸ್ಯರು ಒಂದೇ ಸಭೆಯಲ್ಲಿ ಕುಳಿತು ಮಾತಾಡುವುದನ್ನು ರೂಢಿಸಿಕೊಳ್ಳುತ್ತಿದ್ದ ಕಾಲವದು. ಸಭಾಧ್ಯಕ್ಷನ ಪೀಠದ ಧರ್ಮವೇನೆಂದರೆ, ತನ್ನ ಪಕ್ಷವನ್ನು ಬಾಗಿಲ ಹೊರಗಿಟ್ಟು ಒಳಗೆ ಬರುವುದು. ವಿರೋಧಿಗೂ ಮಾತಿನ ಸರದಿ ಕೊಡುವುದು. ಪೀಠದ ಗೌರವವು ತನ್ನ ಗೌರವವಲ್ಲವೆಂದು ತಿಳಿದಿರುವುದು. ಐದು ವರುಷ ಇಂಥ ಪೀಠದಲ್ಲಿ ಕುಳಿತವರಿಗೆ ಮೂರು ತಿಂಗಳ ಪೀಠದಿಂದ ಏಳುವುದು ಅಭ್ಯಾಸವಿಲ್ಲದ ಕಾರ್ಯವಾಗಿರಲಿಲ್ಲ. ಅಣ್ಣನ ಮೇಲಿನ ಭಕ್ತಿಗಿಂತ ಸಭೆಯ ಮೇಲಿನ ಗೌರವವೇ ಅವರ ನಡತೆಗೆ ಸಮೀಪದ ಹೆಸರು. ಉಪಮೆ ಬೇಕೇ ಬೇಕೆನ್ನುವವರು ಭರತನನ್ನು ಬಿಡಬೇಕಾಗಿಲ್ಲ. ಅವನ ಬಾಯಿಂದ ‘ನ್ಯಾಸ’ವೆಂಬ ಮಾತನ್ನು ಎರವಲು ಪಡೆದು, ಒಡೆಯನ ಸ್ಥಾನದಲ್ಲಿ ಮತದಾರನನ್ನು ಕೂಡಿಸಿ, ಬೊಕ್ಕಸ ಕಣಜಗಳ ಲೆಕ್ಕದ ಸಂಗತಿಯನ್ನೂ ಸೇರಿಸಿ ಹೇಳಿದರೆ ಕೊಂಡಿ ಸರಿಯಾಗಿ ಬೀಳುತ್ತದೆ.

ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು ಏಳನೆಯ ಶತಮಾನದ ಕೊನೆಯದೆಂದು ವಿದ್ವಾಂಸರು ಎಣಿಸುವ ಆ ತ್ರಿಪದಿಗಳು ಕನ್ನಡದ ಅತಿ ಪುರಾತನ ಸ್ತುತಿಪದ್ಯಗಳಲ್ಲಿ ಸೇರಿವೆ. ಆ ಅಜ್ಞಾತಕವಿಯೂ ತನ್ನ ನಾಯಕನನ್ನು ದೇವರಿಗೆ ಹೋಲಿಸದೆ ಬಿಟ್ಟಿಲ್ಲ. ಆದರೆ ಹೋಲಿಸುವ ಮೊದಲು ಅವನು ಯಾರೊಡನೆ ಹೇಗೆ ನಡೆದುಕೊಳ್ಳುವವನೆಂಬುದನ್ನು ಹೇಳಿದ್ದಾನೆ. ಕೇಳುವವನು ನಡತೆಯನ್ನು ಮೊದಲು ತೂಗಿ, ಆಮೇಲೆ ಹೋಲಿಕೆಗೆ ಒಪ್ಪುತ್ತಾನೆ. ಅದೇ ಕ್ರಮವನ್ನು ಹುನಗುಂದದ ಶಾಲಾ ಬಾಲಕನಿಗೂ ಕಲಿಸಬಹುದು. ಮೊದಲು ಅವನು ನಡೆದುದನ್ನು ಹೇಳಲಿ: ಕಂಠಿಯವರು 1962ರ ಮಾರ್ಚ್ 14ರಂದು ಪ್ರಮಾಣವಚನ ತೆಗೆದುಕೊಂಡರು, ಜೂನ್ 20ರಂದು ಪದವನ್ನು ಬಿಟ್ಟರು, ಬಾಗಲಕೋಟೆಯ ಮುರನಾಳರು ತಾವು ಗೆದ್ದ ಸ್ಥಾನವನ್ನು ಬಿಟ್ಟರು, ಆ ಸ್ಥಾನವನ್ನು ಮೊದಲು ಕೊಟ್ಟವರು ಬಾಗಲಕೋಟೆಯ ಮತದಾರರು. ಇಷ್ಟನ್ನು ಹೇಳಿದ ಮೇಲೂ ಭರತನ ಹೆಸರು ಅವನ ಬಾಯಿಗೆ ಬಂದರೆ, ಬರಲಿ.